ಮರಕುಟಿಗನ ತಲೆಗೆ ಕಾವಿ ಹತ್ತಿದ್ದು

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ಯಾರು ಎಲ್ಲಿ ಕೂರಬೇಕೆಂದು ಜಗಳವಾಡಿ ಮುಗಿಸಿ, ಬೆಟ್ಟಗಳು ಆಗಷ್ಟೇ ಕೂತಿದ್ದವು. ಆಗ ಮರಕುಟಿಗನಿಗೆ ಆ ಹೆಸರು ಇರಲಿಲ್ಲ. ಅವನು ಮರ ಕುಟ್ಟುತ್ತಲೇ ಇರಲಿಲ್ಲ, ನೆಲದ ಮೇಲೆ ಇರುವೆ ಹೆಕ್ಕಿಕೊಂಡು ಇದ್ದ. ಕೊಕ್ಕು ಚೂಪಾಗಿದ್ದುದಕ್ಕೆ ಎಲ್ಲರೂ ಚೂಪಣ್ಣ ಎನ್ನುತ್ತಿದ್ದರು. ಅವನ ಹೆಂಡತಿ ಚಿಕ್ಕಿ. ಇಬ್ಬರ ತಲೆಯೂ ಕಪ್ಪು, ಮೇಲೆ ಬಿಳಿ ಚುಕ್ಕೆ. ಕೆಂಪು ಹೆಸರಿಗೂ ಇರಲಿಲ್ಲ.

ಕಾಡಿನಲ್ಲಿ ಯಾರಿಗೆ ಮನೆ ಬೇಕಾದರೂ ಕಾಳಾಚಾರಿಯೇ ಗತಿ. ಲೋಕದ ಮೊದಲ ಬಡಗಿ ಅವನು. ಗೂಬೆಗೆ ಪೊಟರೆ ಕೊರೆದುಕೊಟ್ಟಿದ್ದ, ಗಿಳಿಗೂ ಕೊರೆದುಕೊಟ್ಟಿದ್ದ. ಚೂಪಣ್ಣನ ಸರದಿ ಬಂದ ದಿನವೇ ಗುಡ್ಡದಾಚೆಯಿಂದ ಗಾಳಿ ಓಡಿಬಂತು.

"ಅಜ್ಜ, ನಿನ್ನ ಮಗಳು ಹೆತ್ತಳು. ಬೇಗ ತೊಟ್ಟಿಲು ಬೇಕಂತೆ."

ಅಜ್ಜನ ಹತ್ತಿರ ಸಾಮಾನಿನ ಎರಡು ಚೀಲ ಇದ್ದವು. ಗಡಿಬಿಡಿಯಲ್ಲಿ ಒಂದನ್ನು ಹೆಗಲಿಗೇರಿಸಿಕೊಂಡು ನಡೆದೇಬಿಟ್ಟ. ಇನ್ನೊಂದು ವಾಲಿದ ಮಾವಿನ ಮರದ ಕೊಂಬೆಯಲ್ಲೇ ಉಳಿಯಿತು.

ಇತ್ತ ಚಿಕ್ಕಿಗೆ ಮೊಟ್ಟೆಯಿಡುವ ಹೊತ್ತು. ಮೇಲೆ ಮೋಡವೂ ತುಂಬಿಕೊಂಡು ಬಂದಿತ್ತು.

"ಇನ್ನು ಮೂರು ದಿನ ತಡ್ಕೋತೀನಿ ಚಿಕ್ಕಿ," ಎಂದಿತು ಮೋಡ. "ಆಮೇಲೆ ನನ್ ಕೈಲಾಗಲ್ಲ."

"ನಂದೂ ಅದೇ ಕತೆ ಕಣಕ್ಕ," ಎಂದಳು ಚಿಕ್ಕಿ. ನೆಲದಲ್ಲಿ ಇಟ್ಟರೆ ಮೊಟ್ಟೆ ನೀರಲ್ಲಿ ಕೊಚ್ಚಿಹೋಗುತ್ತದೆ. ಪಾಪ, ಅವಳಿಗೆ ಅಳುವೇ ಬಂತು.

ಚೂಪಣ್ಣ ಅಜ್ಜನ ಚೀಲವನ್ನು ಕೆಳಗೆ ಸುರಿದ. ಮೂರು ವಸ್ತುಗಳು ಬಿದ್ದವು. ಒಂದಕ್ಕೆ ಎರಡು ಉದ್ದ ಕಾಲು, ಮೈಯೇ ಇಲ್ಲ. ಇನ್ನೊಂದು ಹಿತ್ತಾಳೆಯ ಗುಂಡು, ಮೂತಿ ಚೂಪು. ಮೂರನೆಯದು ಕೆಂಪು ಕಾವಿಮಣ್ಣಿನಲ್ಲಿ ಅದ್ದಿದ ಉದ್ದ ದಾರದ ಉಂಡೆ. ಇಂಥವನ್ನು ಯಾರೂ ಕಂಡಿರಲಿಲ್ಲ. ಕಂಡಿರದಿದ್ದರೇನು, ಹೇಳುವುದಕ್ಕೆ ಎಲ್ಲರೂ ಬಂದರು.

ಕಾಗೆ ಎರಡು ಕಾಲಿನದನ್ನು ಸುತ್ತಿ ನೋಡಿತು. "ಇದು ಕೊಕ್ಕರೆ. ಊಟ ಸೇರದೆ ಹೀಗಾಗಿದೆ."

ಎಮ್ಮೆ ಗುಂಡನ್ನು ಮೂಸಿತು. "ಇದು ಗಂಟೆ. ಬಡಿಯೋ ನಾಲಿಗೆ ಎಲ್ಲೋ ಬಿದ್ದುಹೋಗಿದೆ."

"ಗಂಟೆಯಲ್ಲ, ಹಣ್ಣು," ಎಂದು ಕೋತಿ ಕಚ್ಚಿತು. ಅದರ ಒಂದು ಹಲ್ಲು ಅಲ್ಲೇ ಉದುರಿತು. "ಇನ್ನೂ ಮಾಗಿಲ್ಲ," ಎಂದು ಮೆಲ್ಲಗೆ ಕೆಳಗಿಟ್ಟಿತು.

ಮೂರರಿಂದಲೂ ಮರಕ್ಕೆ ಬಡಿದು ನೋಡಿದರು. ತೊಗಟೆಯೂ ಏಳಲಿಲ್ಲ. "ಕೆಟ್ಟುಹೋಗಿವೆ, ಅದಕ್ಕೇ ಆಚಾರಿ ಬಿಟ್ಟುಹೋದ," ಎಂದು ಕಾಗೆ ತೀರ್ಪು ಕೊಟ್ಟಿತು. ಒಂದು ದಿನ ಹೀಗೇ ಹಾಳಾಯಿತು.

ಚಿಕ್ಕಿಗೆ ರೇಗಿತು. "ಯಾವುದರ ಥರ ಇದೆ ಅಂತ ನೋಡಿದ್ದು ಸಾಕು. ಎಲ್ಲಿ ಸವೆದಿದೆ ಅಂತ ನೋಡಿ. ರೀ, ನೋಡಿ ಇಲ್ಲಿ. ಒಂದು ಕಾಲಿನ ತುದಿ ಹೊಸದರ ಹಾಗಿದೆ, ಇನ್ನೊಂದು ಸವೆದು ಮೊಂಡಾಗಿದೆ. ಅಂದ್ರೆ ಒಬ್ಬರು ನಿಂತಲ್ಲೇ ನಿಂತಿದ್ದಾರೆ, ಇನ್ನೊಬ್ಬರು ಸುತ್ತಿ ಸುತ್ತಿ ಸವೆದಿದ್ದಾರೆ. ನಮ್ಮನೆ ಥರಾನೇ."

ಚೂಪಣ್ಣ ಕೇಳಿಸದವನಂತೆ ದಾರದ ಕಡೆ ಹೋದ. ಅದರ ಒಂದು ತುದಿಯನ್ನು ಕೊಂಬೆಗೂ ಇನ್ನೊಂದನ್ನು ಬೇರಿಗೂ ಬಿಗಿದು ಕಟ್ಟಿದ. ಏನಾಗುತ್ತದೆ ನೋಡೋಣವೆಂದು ದಾರಕ್ಕೂ ಮರಕ್ಕೂ ನಡುವೆ ಕತ್ತು ತೂರಿಸಿದ. ಕತ್ತು ಸಿಕ್ಕಿಕೊಂಡಿತು. ಬಿಡಿಸಲು ಬಂದ ಚಿಕ್ಕಿ ಗಂಡನ ಅವಸ್ಥೆ ನೋಡಿ ನಗು ತಡೆಯಲಾಗದೆ, ದಾರಕ್ಕೂ ಮರಕ್ಕೂ ನಡುವೆ ಅವನ ಪಕ್ಕದಲ್ಲೇ ತಲೆ ಬಗ್ಗಿಸಿಕೊಂಡು ನಕ್ಕಳು. ಸಹಾಯ ಮಾಡುತ್ತೇನೆಂದು ಕೋತಿ ದಾರವನ್ನು ಹಿಂದಕ್ಕೆ ಎಳೆಯಿತು. ಎಳೆದು, ಬಿಟ್ಟಿತು.

ಫಟ್ ಎಂದಿತು ದಾರ.

ಚೂಪಣ್ಣನ ತಲೆ ಹಣೆಯಿಂದ ಜುಟ್ಟಿನವರೆಗೆ ಕೆಂಪಾಯಿತು. ಬಗ್ಗಿದ್ದ ಚಿಕ್ಕಿಗೆ ಜುಟ್ಟಿಗೆ ಮಾತ್ರ ಬಡಿಯಿತು, ಹಣೆ ಕಪ್ಪಾಗಿಯೇ ಉಳಿಯಿತು. ಇಬ್ಬರೂ ತಲೆ ಸವರಿಕೊಂಡು ಈಚೆ ಬಂದು ನೋಡಿದರೆ, ಮರದ ಮೇಲೆ ಮೇಲಿಂದ ಕೆಳಗೆ ನೆಟ್ಟಗೆ ಒಂದು ಕೆಂಪು ಗೆರೆ. ನಡುವೆ ಎರಡು ತಲೆಗಳಷ್ಟು ಜಾಗ ಖಾಲಿ.

"ರೀ," ಎಂದಳು ಚಿಕ್ಕಿ. "ಇವು ಕಡಿಯೋ ಸಾಮಾನಲ್ಲ. ಎಲ್ಲಿ ಕಡೀಬೇಕು ಅಂತ ತೋರಿಸೋ ಸಾಮಾನು."

ಆಮೇಲೆ ಎಲ್ಲವೂ ಸಲೀಸಾಯಿತು. ಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು. ಅದು ನೆಟ್ಟಗೆ ನಿಂತು, ಮರ ಎಷ್ಟು ವಾಲಿದೆಯೆಂದು ತೋರಿಸಿತು. "ನಾನೂ ಹಾಗೇ ನೆಟ್ಟಗೆ ಇಳಿಯೋದು. ವಾಲಿದ ಕಡೆ, ಕಾಂಡದ ಅಡಿಮೈಯಲ್ಲಿ ಬಾಗಿಲಿಟ್ಟರೆ ನಿಮ್ಮನೆಗೆ ಬರಲ್ಲ," ಎಂದಿತು ಮೋಡ. ಅಲ್ಲಿ ಎರಡು ಕಾಲಿನ ಆ ಕೈವಾರದ ಒಂದು ಕಾಲೂರಿ ಇನ್ನೊಂದನ್ನು ತಿರುಗಿಸಿದರು. ಗುಂಡನೆಯ ಗೆರೆ ಬಿತ್ತು.

"ಗೆರೆಯೇನೋ ಆಯ್ತು. ಕಡಿಯೋಕೆ ಉಳಿ ಎಲ್ಲಿ?" ಎಂದ ಚೂಪಣ್ಣ.

ಚಿಕ್ಕಿ ಗಂಡನ ಕೊಕ್ಕನ್ನೇ ನೋಡಿದಳು. ಕಾಗೆ, ಎಮ್ಮೆ, ಕೋತಿ, ಮೋಡ ಎಲ್ಲರೂ ಅದನ್ನೇ ನೋಡಿದರು.

ಟಕ್. ಟಕ್ ಟಕ್. ಎರಡು ದಿನ ಅವನು ನಿಲ್ಲಿಸಲಿಲ್ಲ. ಚಿಕ್ಕಿಯ ಬಾಲ ಒಳಗೆ ಹೋದದ್ದೇ ತಡ, ಮೋಡ ನಿಟ್ಟುಸಿರು ಬಿಟ್ಟು ಸುರಿಯಿತು.

ಮಳೆ ನಿಂತಾಗ ಕಾಳಾಚಾರಿ ಬಂದ, ತಲೆಯ ಮೇಲೆ ತೊಟ್ಟಿಲು. ಅದು ಎಷ್ಟು ಸೊಟ್ಟಗಿತ್ತೆಂದರೆ, ಮಗುವನ್ನು ಯಾವ ಕಡೆ ಮಲಗಿಸಿದರೂ ಒಂದೇ ಮೂಲೆಗೆ ಉರುಳುತ್ತಿತ್ತಂತೆ. ಗುಂಡನೆಯ ಬಾಗಿಲನ್ನು ಬಹಳ ಹೊತ್ತು ನೋಡಿದ.

"ನಿನ್ನತ್ರ ಉಳಿ ಇರಲಿಲ್ಲವಲ್ಲೋ, ಚೂಪಣ್ಣ?"

"ಇರಲಿಲ್ಲ ಅಜ್ಜ."

"ನನ್ನತ್ರ ಇತ್ತು ಕಣೋ. ಗೆರೆಯೊಂದು ಇರಲಿಲ್ಲ," ಎಂದು ಅಜ್ಜ ನಕ್ಕ. ಇಬ್ಬರ ತಲೆಯ ಕಾವಿ ಒರೆಸಲು ಹೋದವನು ಕೈ ಹಿಂದಕ್ಕೆ ತೆಗೆದುಕೊಂಡ. "ಇರಲಿ ಬಿಡು. ಕೆಲಸ ಕಲಿತವರ ತಲೆ ಅಂತ ಗೊತ್ತಾಗಲಿ." ತೊಟ್ಟಿಲು ಸರಿಮಾಡಲು ಚೀಲವನ್ನೂ ಹೊತ್ತುಕೊಂಡು ಹೋದ.

ಅದಕ್ಕೇ ಮಗೂ, ಸಾಮಾನಿಲ್ಲದ ಮರಕುಟಿಗ ಇವತ್ತಿಗೂ ತಲೆಯನ್ನು ಅತ್ತಿತ್ತ ವಾಲಿಸಿ ಕಣ್ಣಲ್ಲೇ ಗೆರೆ ಎಳೆದುಕೊಂಡು ಆಮೇಲೆ ಕುಟ್ಟುತ್ತಾನೆ. ಅವನ ಪಕ್ಕದಲ್ಲಿ ಜುಟ್ಟು ಕೆಂಪಾಗಿ ಹಣೆ ಮಾತ್ರ ಕಪ್ಪಾಗಿರುವ ಹಕ್ಕಿ ಕಂಡರೆ, ಅವತ್ತು ಬಗ್ಗಿ ನಕ್ಕವಳು ಅವಳೇ.