ಕಾಲುವೆಯ ದಡ ಹಿಡಿದು ಬಂದವನು

"ಔಷಧಿಯನ್ನೇ ಒಳಗೆ ಬಿಡದ ಕಾವಲು ರೋಗವನ್ನು ಹೇಗೆ ಬಿಟ್ಟಿತು, ಬುದ್ಧಿ?"

ಮಠದ ಗುರುಗಳನ್ನು ಹೀಗೆ ಕೇಳಿದವಳು ಸರ್ವಮಂಗಳ. ಅವಳ ಅಕ್ಕನಿಗೆ ಮೊದಲು ಎದೆಯಲ್ಲಿ ಕ್ಯಾನ್ಸರ್ ಇತ್ತು. ಅದು ಮೂಳೆಗೆ ಹೋಯಿತು. ಈಗ ಮೆದುಳನ್ನು ಸುತ್ತಿದ ಪೊರೆಯಲ್ಲಿದೆ. ರಕ್ತದಲ್ಲಿ ಬಂದದ್ದನ್ನು, ಔಷಧಿಯನ್ನು ಕೂಡ, ಮೆದುಳಿನ ಕಾವಲು ತಡೆಯುತ್ತದೆ. ಆದರೆ ಈ ರೋಗ ಮೂಳೆಯಿಂದ ರಕ್ತನಾಳದ ಹೊರಮೈ ಹಿಡಿದೂ ಬರಬಲ್ಲದು, ಪೊರೆಯನ್ನು ಕಾಯುವ ಜೀವಕಣಗಳೇ ಇದನ್ನು ಪೋಷಿಸಿಬಿಡುತ್ತವೆ ಎಂದಿದ್ದರು ಡಾಕ್ಟರು. ಅವಳಿಗೆ ತಲೆಬುಡ ತಿಳಿದಿರಲಿಲ್ಲ.

"ನಾನೆಲ್ಲಿ ತಪ್ಪಿದೆ, ಕೇಳಿಕೊಂಡು ಬಾ ಅಂತ ಅಕ್ಕ ಕಳಿಸಿದ್ದಾಳೆ," ಎಂದಳು.

ಗುರುಗಳು ಹೇಳಿದರು:

ಒಬ್ಬ ವರ್ತಕನಿಗೆ ಬಿತ್ತನೆ ಬೀಜದ ಕಣಜವಿತ್ತು. ಸುತ್ತ ಗೋಡೆ, ಒಂದೇ ಬಾಗಿಲು. ಕಾವಲುಗಾರ ಹೆಂಡತಿಯೊಡನೆ ಒಳಗೇ ವಾಸವಿದ್ದ. ಅವನು ಎಷ್ಟು ಕಟ್ಟುನಿಟ್ಟೆಂದರೆ, ಬೀಜಕ್ಕೆ ಹುಳ ಹತ್ತದಿರಲೆಂದು ಬೇವಿನ ಪುಡಿ ಹೊತ್ತು ತಂದ ವರ್ತಕನ ಮಾವನನ್ನೂ ಅರ್ಧ ದಿನ ಬಿಸಿಲಿನಲ್ಲಿ ನಿಲ್ಲಿಸಿ ವಾಪಸು ಕಳಿಸಿದ್ದ. ವರ್ತಕ ಗದರಿದ, ಒಳಗೊಳಗೇ ಮೆಚ್ಚಿದ.

ಹಿತ್ತಿಲ ಕಡೆ ಗೋಡೆ ಸೀಳಿಕೊಂಡು ಒಂದು ಕಾಲುವೆ ಒಳಗೆ ಬರುತ್ತಿತ್ತು. ಕೆರೆಯ ನೀರನ್ನು ಪಾಲು ಮಾಡಿ ಹರಿಸುವ ನೀರುಗಂಟಿ ಅದರ ದಡದ ಮೇಲೆ ನಡೆದು ಬರುತ್ತಿದ್ದ. ಅವನನ್ನು ಯಾರೂ ತಡೆಯುವಂತಿಲ್ಲ, ಬಂದ ಮನೆಯಲ್ಲಿ ಅವನಿಗೆ ಊಟ ಹಾಕಬೇಕು. ಆ ಸೀಮೆಯ ಪದ್ಧತಿ ಅದು.

ಒಬ್ಬ ಕಳ್ಳ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಆ ದಡ ಹಿಡಿದು ಬಂದ. ಕಾವಲುಗಾರನ ಹೆಂಡತಿ ಮುದ್ದೆ ಸಾರು ಬಡಿಸಿದಳು. ಮರುದಿನವೂ ಬಂದ. ಹೊಸ ನೀರುಗಂಟಿ ಇರಬೇಕು ಎಂದುಕೊಂಡರು. ತಿಂಗಳಾಗುವಷ್ಟರಲ್ಲಿ ಅವನು ಗೋಡೆಗೂ ಕಣಜಕ್ಕೂ ನಡುವಿನ ಓಣಿಯಲ್ಲಿ ಮಲಗತೊಡಗಿದ್ದ. ಬೀಜ ಕರಗುತ್ತಾ ಬಂತು.

ವರ್ತಕ ಕಾವಲುಗಾರನನ್ನು ಕರೆಸಿದ. "ಏನಯ್ಯಾ, ನನ್ನ ಮಾವನನ್ನು ತಡೆದೋನಿಗೆ ಕಳ್ಳ ಕಾಣಲಿಲ್ಲವೇ?"

"ಬಾಗಿಲಲ್ಲಿ ಒಂದು ನರಪಿಳ್ಳೆ ಬಂದಿಲ್ಲ ಧಣಿ. ಬೇಕಾದರೆ ಆಣೆ ಮಾಡ್ತೀನಿ."

"ಮತ್ತೆ ಆ ಓಣಿಯಲ್ಲಿ ಮಲಗಿರೋನು?"

"ಅವನು ನೀರಿನವನಲ್ಲವೇ? ಪಾಪ, ದಿನಾ ನಮ್ಮ ಮನೇಲೇ ಉಣ್ತಾನೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸರ್ವಮಂಗಳ ಕಾದಳು. ಕಳ್ಳ ಸಿಕ್ಕಿದನೇ, ಬೀಜ ಉಳಿಯಿತೇ, ಅದೊಂದೂ ಹೇಳಲಿಲ್ಲ.

"ಹಾಗಾದರೆ ಉಣ್ಣಿಸಿದ್ದೇ ತಪ್ಪು," ಎಂದಳು ಕೊನೆಗೆ. "ಅಕ್ಕನಿಗೆ ಹಾಗೆಂದೇ ಹೇಳಲೇ?"

"ಉಣ್ಣಿಸಿದ್ದೇ ತಪ್ಪಾದರೆ, ತಾಯಿ, ಈ ಸಂಜೆಯ ಗಂಜಿಯನ್ನು ನಿನ್ನ ಅಕ್ಕನಿಗೆ ಯಾರು ಕುಡಿಸುತ್ತಾರೆ?"