ಬಿದ್ದ ಅಗುಳು

"ಗುರುಗಳೇ, ಬಡವರ ಸರ್ಕಾರ ತನ್ನ ಹಳೆಯ ತಪ್ಪನ್ನು ಜನರಿಗೆ ಮರೆಸಿದರೆ ಕೆಡುವುದೇನು?" ಎಂದು ಶಿಷ್ಯ ಕೇಳಿದ.

ಕೂಲಿಕಾರರ ಸಂಜೆ ಶಾಲೆಗೆ ಅವನು ಚರಿತ್ರೆಯ ಪಾಠ ಬರೆದಿದ್ದ. ಕೆಂಪು ಬಾವುಟದ ದೇಶವೊಂದರಲ್ಲಿ ಜನ ಹಸಿದು ಸತ್ತ ವರ್ಷದ ಬಗ್ಗೆ ಅದರಲ್ಲಿ ಒಂದು ಪುಟವಿತ್ತು. ಅದನ್ನು ಕಿತ್ತುಹಾಕು ಎಂದು ಶಾಲೆ ನಡೆಸುವ ಸಂಘದ ಹಿರಿಯರು ಹೇಳಿದ್ದರು. ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈಗಲೂ ಆ ಪುಟದ ಅಂಚು ಅವನ ಬೆರಳುಗಳ ನಡುವೆ ಇತ್ತು.

ಗುರುಗಳು ಕತೆ ಹೇಳಿದರು.

ಒಂದು ದೇಶದಲ್ಲಿ ದುಡಿಯುವವರ ಪಕ್ಷ ಅಧಿಕಾರ ಹಿಡಿಯಿತು. ಜಮೀನ್ದಾರರನ್ನು ಓಡಿಸಿತು. ಅದು ಸರಿಯಾದ ಕೆಲಸವೇ. ಆಮೇಲೆ ಒಂದು ವರ್ಷ, ಪಟ್ಟಣಕ್ಕೆ ಬೇಕೆಂದು ಹಳ್ಳಿಗಳ ಕಣಜ ಗುಡಿಸಿ ಒಯ್ದಿತು. ಬಿತ್ತನೆಯ ಕಾಳನ್ನೂ ಬಿಡಲಿಲ್ಲ. ಜನ ಹುಲ್ಲು ತಿಂದರು, ತೊಗಟೆ ತಿಂದರು, ಸತ್ತರು. ಮರುವರ್ಷ ಪಕ್ಷ ಡಂಗುರ ಸಾರಿಸಿತು: ಹೋದ ವರ್ಷ ತುಂಬು ಫಸಲು ಬಂದಿತ್ತು, ಸತ್ತವರು ಜ್ವರ ಬಂದು ಸತ್ತರು. ಶಾಲೆಯ ಪುಸ್ತಕವೂ ಅದನ್ನೇ ಹೇಳಿತು. ಆ ಫಸಲಿನ ಹೆಸರಿನಲ್ಲಿ ವರ್ಷಕ್ಕೊಂದು ಹಬ್ಬವೂ ಶುರುವಾಯಿತು.

ಹಲವು ವರ್ಷಗಳ ನಂತರ, ಆ ಹಬ್ಬದ ದಿನ ಒಬ್ಬ ಮುದಿ ಕುಂಬಾರಗಿತ್ತಿ ಬಾಗಿಲ ಮುಂದೆ ಎಲೆ ಹಾಕಿ, ಸತ್ತ ಮಗಳಿಗೆ ಎಡೆ ಇಟ್ಟಳು. ಪಕ್ಷದ ಅಧಿಕಾರಿ ಬಂದು ನಿಂತ.

"ಯಾರಿಗಮ್ಮ ಈ ಎಡೆ?"

"ಮಗಳಿಗೆ. ನಿಮ್ಮ ತುಂಬು ಫಸಲಿನ ವರ್ಷ ಉಪವಾಸ ಬಿದ್ದು ಸತ್ತಳು."

"ಜ್ವರ ಬಂದು ಸತ್ತಳು ಅನ್ನು, ಬಿಟ್ಟುಬಿಡುತ್ತೇನೆ. ಸತ್ತವರು ಎಲ್ಲಾದರೂ ಉಣ್ಣುತ್ತಾರಾ?"

"ಹಾಗಾದರೆ ನೀನೇ ಉಣ್ಣಪ್ಪ. ಆರಿಹೋಗುತ್ತಿದೆ."

ಬೀದಿಯ ಜನ ನೋಡುತ್ತಿದ್ದರು. ಹಿಂಜರಿದರೆ ಆ ಎಲೆ ಹಸಿದು ಸತ್ತವಳದೇ ಎಂದು ಒಪ್ಪಿಕೊಂಡಂತೆ. ಅವನು ಕೂತು ಉಣ್ಣತೊಡಗಿದ. ಒಂದು ಅಗುಳು ಮಣ್ಣಿಗೆ ಬಿತ್ತು. ಅವನ ಬೆರಳು ಅವನನ್ನು ಕೇಳದೆ ಅದನ್ನು ಹೆಕ್ಕಿತು, ಮಣ್ಣು ಒರೆಸಿತು, ಬಾಯಿಗೆ ಹಾಕಿತು.

ಮುದುಕಿ ಬಾಗಿ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು: "ಆ ವರ್ಷ ಕಂಡವರು ಮಾತ್ರ ಹೀಗೆ ಹೆಕ್ಕುತ್ತಾರೆ. ನಿನ್ನ ಮನೆಯಲ್ಲಿ ಯಾರು ಹೋದರಪ್ಪ?"

ತುತ್ತು ಅವನ ಬಾಯಲ್ಲೇ ನಿಂತಿತು. ಆಮೇಲೆ ನುಂಗಿದ. ಎಲೆ ಬಳಿದು ಉಂಡ, ಎದ್ದು ಕೈ ತೊಳೆದ. ಅವಳನ್ನು ಬಂಡಿ ಹತ್ತಿಸಿ ಸೆರೆಮನೆಗೆ ಕಳಿಸಿದ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅವನೂ ಹಸಿದವನೇ. ಎಲೆಯೂ ಖಾಲಿಯಾಗಿತ್ತು. ಜ್ವರ ಎಂದು ತಾನೇ ಬರೆದುಕೊಂಡು ಸುಮ್ಮನೆ ಹೋಗಬಹುದಿತ್ತಲ್ಲ, ಆ ಮುದುಕಿಯನ್ನು ಯಾಕೆ ಹಿಡಿದ?"

"ಅವನ ಬೆರಳನ್ನು ಅವಳು ನೋಡಿಬಿಟ್ಟಿದ್ದಳು," ಎಂದರು ಗುರುಗಳು.

ಶಿಷ್ಯ ಪುಟದ ಅಂಚು ಹಿಡಿದಿದ್ದ ತನ್ನ ಬೆರಳನ್ನು ನೋಡಿಕೊಂಡ.