ಹೊನ್ನಯ್ಯನ ಹೆದೆ

ಹೊಳೆದಂಡೆಯ ಹುಣಸೇಮರದ ಕೆಳಗೆ ಬಿಲ್ಲಿನ ಗುರುಗಳು ಕೂತಿದ್ದರು. ತೊಡೆಯ ಮೇಲೆ ಅರ್ಧ ಕೆತ್ತಿದ ಬಿಲ್ಲು, ಬಾಯಲ್ಲಿ ಎಲೆಯಡಿಕೆ.

ಬಿಸಿಲಲ್ಲಿ ನಡೆದು ಬಂದ ಯುವಕನೊಬ್ಬ ಅವರ ಕಾಲಿಗೆ ಅಡ್ಡಬಿದ್ದ.

“ಗುರುಗಳೇ, ಮುರಿಯದೇ ಇರೋ ಬಿಲ್ಲು ಮಾಡೋದು ಎಂಗೆ? ಏಳಿ.”

ಗುರುಗಳು ಎದ್ದು ನಿಂತರು.

ಯುವಕ ಕಾದ. ಗುರುಗಳು ನಿಂತೇ ಇದ್ದರು.

“ಯಾಕೆ ನಿಂತ್ರಿ ಗುರುಗಳೇ? ಏಳಿ ಅಂದೆ.”

“ಎದ್ದಿದ್ದೀನಲ್ಲಪ್ಪ. ಇನ್ನೂ ಎಷ್ಟು ಏಳಲಿ?”

ತಪ್ಪು ಹುಡುಗನದ್ದಲ್ಲ. ಅವನ ಊರಲ್ಲಿ ‘ಹ’ ಅನ್ನುವ ಅಕ್ಷರವೇ ಇರಲಿಲ್ಲ. ಅಲ್ಲಿ ಹಸು ಅಸುವಾಗಿತ್ತು, ಹೊಲ ಒಲವಾಗಿತ್ತು. ಹೇಳಿ ಅಂದರೂ ಏಳಿ, ಏಳಿ ಅಂದರೂ ಏಳಿ. ಅಷ್ಟರಲ್ಲೇ ಆ ಊರಿನ ಜನ ತಲೆಮಾರುಗಳಿಂದ ಸುಖವಾಗಿ ಬದುಕಿದ್ದರು.

“ನಿನ್ನ ಹೆಸರು?”

“ಒನ್ನಯ್ಯ.”

“ಹೊನ್ನಯ್ಯ.”

“ಊಂ, ಅದೇ. ಒನ್ನಯ್ಯ.”

ಗುರುಗಳು ಮತ್ತೆ ಕೂತರು. “ಬಿಲ್ಲು ಯಾಕೆ ಬೇಕು?”

ಹೊನ್ನಯ್ಯ ತನ್ನ ಸಂಕಟ ತೋಡಿಕೊಂಡ. ಸೋದರಮಾವ ಕೆಂಚಯ್ಯನ ಮಗಳು ಮಾದೇವಿಯ ಜೊತೆ ಅವನ ಮದುವೆ ಮಾತಾಗಿತ್ತು. ಅವರ ಕಡೆ ಒಂದು ಪದ್ಧತಿ. ಗಂಡು ತನ್ನ ಕೈಯಾರೆ ಕೆತ್ತಿದ ಬಿಲ್ಲನ್ನು ಹೆಣ್ಣಿನ ತಂದೆಗೆ ಕೊಡಬೇಕು. ಅವನು ಅದನ್ನು ಎಲ್ಲರ ಮುಂದೆ ಎಳೆದು ನೋಡಬೇಕು.

“ಮಾವ ಎಳೆದ. ಬಿಲ್ಲು ಮುರೀತು. ಮುರಿದ ತುಂಡು ಮೂತಿಗೆ ಒಡೀತು. ಮಾವನ ಮುಂದಿನ ಅಲ್ಲು ಓಯ್ತು.”

“ಎಲ್ಲಿಗೆ ಹೋಯಿತು?”

“ಉಡುಕಿದ್ವಿ ಗುರುಗಳೇ. ಸಿಗಲಿಲ್ಲ.”

“ಮಾವ ಏನಂದ?”

“ದೀಪಾವಳಿ ಒತ್ತಿಗೆ ಬರ್ತೀನಿ, ಆಗ ನೆಟ್ಟಗಿರೋ ಬಿಲ್ಲು ಕೈಗೆ ಕೊಟ್ರೆ ಸರಿ, ಇಲ್ಲಾಂದ್ರೆ ಮಾದೇವಿನ ಬೇರೆ ಕಡೆ ಕೊಡ್ತೀನಿ ಅಂದ.”

ಮಾದೇವಿ ಅಂದರೆ ಹೊನ್ನಯ್ಯನಿಗೆ ಪ್ರಾಣ.

ಗುರುಗಳು ಪಕ್ಕದ ತಮ್ಮ ಗುಡಿಸಲೊಳಗೆ ಹೋಗಿ ತಡಸಲು ಮರದ ಒಂದು ಉದ್ದನೆಯ ಕೋಲು, ಒಂದು ಉಳಿ ತಂದುಕೊಟ್ಟರು.

“ನಡುವೆ ಕೈಯಲ್ಲಿ ಹಿಡಿಯುವ ಜಾಗ. ಮೇಲೊಂದು ತೋಳು, ಕೆಳಗೊಂದು ತೋಳು. ಎರಡೂ ಒಂದೇ ಸಮ ಬಾಗಬೇಕು. ಬಾಗದ ಕಡೆ ಕೆತ್ತು. ಬಾಗುವ ಕಡೆ ಮುಟ್ಟಬೇಡ.”

“ಆಮೇಲೆ?”

“ಆಮೇಲೆ ಏನಿಲ್ಲ. ಅಷ್ಟೇ ವಿದ್ಯೆ.”

ಹೊನ್ನಯ್ಯನಿಗೆ ಬೇಜಾರಾಯಿತು. ಇಷ್ಟು ತಿಳಿಯುವುದಕ್ಕೆ ಅಷ್ಟು ದೂರ ನಡೆದೆನೇ ಅಂದುಕೊಂಡ.

ಅವನು ಕೆತ್ತಲು ಶುರುಮಾಡಿದ. ದಾರ ಕಟ್ಟಿ ಎಳೆದು ನೋಡಿದ. ಮೇಲಿನ ತೋಳು ಗಟ್ಟಿ ಅನಿಸಿತು, ಅದನ್ನು ಕೆತ್ತಿದ. ಈಗ ಕೆಳಗಿನದು ಗಟ್ಟಿ ಅನಿಸಿತು, ಅದನ್ನೂ ಕೆತ್ತಿದ. ಮತ್ತೆ ಮೇಲಿನದು. ಮತ್ತೆ ಕೆಳಗಿನದು. ಸಂಜೆಗೆ ಅವನ ಬಿಲ್ಲು ಕಾಗೆ ಕೂತರೂ ಬಾಗುವ ಹಾಗಾಗಿತ್ತು.

ಗುರುಗಳು ಅದನ್ನು ತೂಗಿ ನೋಡಿ, ಎರಡೂ ತುದಿ ಕತ್ತರಿಸಿ, ಒಲೆಯ ಪಕ್ಕ ಒರಗಿಸಿದರು.

“ಒಳ್ಳೆ ಮುದ್ದೆ ಕೋಲು,” ಅಂದರು.

ಎರಡನೆಯ ಬಿಲ್ಲಿಗೆ ಹೊನ್ನಯ್ಯ ಉಪಾಯ ಹೂಡಿದ. ಎರಡೂ ತೋಳಿಗೆ ನೂಲು ಸುತ್ತಿ, ದಪ್ಪ ಅಳೆದು, ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಕೆತ್ತಿದ. ಎಳೆದಾಗ ಒಂದು ತೋಳು ಬಾಗಿತು, ಇನ್ನೊಂದು ಅಲ್ಲಾಡಲಿಲ್ಲ.

“ಗುರುಗಳೇ, ಎರಡೂ ಒಂದೇ ದಪ್ಪ! ಬೇಕಾದ್ರೆ ಅಳೀರಿ!”

“ಅದನ್ನು ನನಗೆ ಹೇಳಬೇಡ. ಮರಕ್ಕೆ ಹೇಳು.”

ಒಲೆಯ ಪಕ್ಕ ಇನ್ನೊಂದು ಮುದ್ದೆ ಕೋಲು ಬಂತು. ಅದರ ಹಿಂದೆ ಮತ್ತೂ ಬಂದವು. ಉಣ್ಣುವವರು ಇಬ್ಬರೇ ಇದ್ದ ಆ ಗುಡಿಸಲಿನಲ್ಲಿ ಊರಿಗೆಲ್ಲ ಮುದ್ದೆ ತಿರುವುವಷ್ಟು ಕೋಲು ಸೇರಿದವು.

ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದರು. ಮುದ್ದೆ, ಅವರೆಕಾಳಿನ ಹುಳಿ. ಹೊನ್ನಯ್ಯ ಎಲೆ ಮುಂದೆ ಸರಿಸಿದ.

“ಗುರುಗಳೇ, ಇನ್ನೊಂಚೂರು ಉಳಿ ಆಕಿ.”

ಗುರುಗಳು ಎದ್ದುಹೋಗಿ, ಕೆತ್ತುವ ಉಳಿ ತಂದು ಅವನ ಮುದ್ದೆಯ ಪಕ್ಕ ಇಟ್ಟರು.

“ಇದಲ್ಲ ಗುರುಗಳೇ! ಉಳಿ! ತಿನ್ನೋ ಉಳಿ!”

“ಇದೂ ತಿನ್ನುತ್ತದೆ. ನನ್ನ ಹಿತ್ತಲಿನ ತಡಸಲು ಮರವನ್ನೆಲ್ಲ ತಿಂದು ಮುಗಿಸಿತು.”

ಅವತ್ತು ಹೊನ್ನಯ್ಯ ಬರೀ ಮುದ್ದೆ ನುಂಗಿ ಎದ್ದ.

ಮಾರನೆಯ ದಿನ ಗುರುಗಳು ಹೊಳೆಗೆ ಸ್ನಾನಕ್ಕೆ ಹೊರಟರು. ಹೊನ್ನಯ್ಯ ಹೊಸ ಬಿಲ್ಲಿಗೆ ದಾರ ಬಿಗಿದು, ಎಳೆದು ನೋಡುತ್ತಿದ್ದ.

“ಮೇಲಿನ ತೋಳು ಗಟ್ಟಿ ಇದೆ. ಕೆತ್ತು,” ಅಂದರು ಗುರುಗಳು. “ಕೆತ್ತುವ ಮೊದಲು ಹೆದೆ ಇಳಿಸು. ಮರೆಯಬೇಡ.”

ಬಿಲ್ಲಿಗೆ ಬಿಗಿದ ದಾರಕ್ಕೆ ಹೆದೆ ಎಂದು ಹೆಸರು. ಹೊನ್ನಯ್ಯನ ಊರಲ್ಲಿ ಅದಕ್ಕೂ ಎದೆ ಅಂತಲೇ ಅನ್ನುತ್ತಿದ್ದರು, ಮನುಷ್ಯನ ಎದೆಗೂ ಎದೆ ಅಂತಲೇ ಅನ್ನುತ್ತಿದ್ದರು. ಗುರುಗಳು ಯಾವುದನ್ನು ಹೇಳಿದರು ಎಂದು ಅವನು ಒಂದು ಗಳಿಗೆ ಯೋಚಿಸಿದ. ಗುರುಗಳ ಮಾತು ದೊಡ್ಡ ಮಾತೇ ಇರಬೇಕು ಎಂದು ತೀರ್ಮಾನಿಸಿದ. ದಾರವನ್ನು ಹಾಗೇ ಬಿಟ್ಟು, ತನ್ನ ಎದೆಯನ್ನು ಭಕ್ತಿಯಿಂದ ನೆಲದ ತನಕ ಬಗ್ಗಿಸಿ, ಗಲ್ಲ ಬಿಲ್ಲಿಗೆ ತಾಗುವಂತೆ ಕೂತು ಕೆತ್ತಿದ.

ಉಳಿ ಜಾರಿತು. ಬಿಗಿದ ದಾರ ಪಟ್ಟನೆ ಹರಿಯಿತು. ಬಿಲ್ಲು ಎಗರಿ ಅವನ ಗಲ್ಲಕ್ಕೆ ಬಾರಿಸಿತು.

ಗುರುಗಳು ಬಂದಾಗ ಶಿಷ್ಯ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ.

“ಏನಾಯಿತು?”

“ನೀವು ಏಳಿದಂಗೇ ಮಾಡಿದೆ ಗುರುಗಳೇ. ಎದೆ ಇಳಿಸಿದೆ.”

“ಹೆದೆ!”

“ಅದೇ. ಎದೆ.”

ಗುರುಗಳು ಅವನನ್ನು ಎಬ್ಬಿಸಿ ಕೂರಿಸಿದರು. ಗಲ್ಲಕ್ಕೆ ಅರಿಶಿನ ಮೆತ್ತಿದರು. ಅವನ ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿದರು.

“ಕೈಗೆ ಉಸಿರು ತಾಗುವ ಹಾಗೆ ಅನ್ನು. ಹ.”

“ಅ.”

“ಹ!”

“ಅ!”

ಆ ದಿನ ಬಿಲ್ಲಿನ ಕೆಲಸ ಆಗಲಿಲ್ಲ. ಹೊತ್ತು ಮುಳುಗುವಾಗ ಅವನ ಅಂಗೈಗೆ ಉಸಿರು ತಾಗಿತು. ಹೊನ್ನಯ್ಯ ಹಿಗ್ಗಿಹೋದ. ಸಿಕ್ಕ ಆಸ್ತಿಯನ್ನು ಎಲ್ಲ ಕಡೆ ಖರ್ಚು ಮಾಡತೊಡಗಿದ.

“ಗುರುಗಳೇ, ಹನ್ನ ಹಾಯ್ತು! ಹೂಟಕ್ಕೆ ಹೇಳಿ!”

ಗುರುಗಳು ಹಣೆ ಚಚ್ಚಿಕೊಂಡು ಊಟಕ್ಕೆ ಎದ್ದರು.

ದೀಪಾವಳಿ ಹತ್ತಿರ ಬಂತು. ಕೊನೆಗೆ ಒಂದೇ ಒಂದು ತಡಸಲು ಕೋಲು ಉಳಿದಿತ್ತು. ಹೊನ್ನಯ್ಯ ಅದನ್ನು ಕೆತ್ತಿ, ಹೆದೆ ಏರಿಸಿ, ಎಳೆದ. ಹಲ್ಲು ಕಚ್ಚಿ ಎಳೆದ.

ಗುರುಗಳು ಸುಮ್ಮನೆ ನೋಡುತ್ತಿದ್ದರು. “ಎಳೆಯುವಾಗ ಯಾವ ತೋಳು ನೋಡುತ್ತೀಯ? ಮೇಲಿನದೋ, ಕೆಳಗಿನದೋ?”

ಹೊನ್ನಯ್ಯ ನಾಚಿ ತಲೆ ತಗ್ಗಿಸಿದ. “ನಂದು, ಗುರುಗಳೇ.”

ಅಷ್ಟು ದಿನವೂ ಅವನು ಎಳೆಯುವಾಗ ನೋಡಿಕೊಂಡದ್ದು ಉಬ್ಬಿದ ತನ್ನ ರಟ್ಟೆಯನ್ನೇ. ಮಾದೇವಿ ಕಂಡಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಳ್ಳುತ್ತಿದ್ದ.

ಗುರುಗಳು ಬಿಲ್ಲು ಇಸಿದುಕೊಂಡು ಹುಣಸೇಮರದ ಕವೆಗೆ ಸಿಕ್ಕಿಸಿದರು. ಹೆದೆಗೆ ಹಗ್ಗ ಕಟ್ಟಿದರು. “ನಾನು ಎಳೆಯುತ್ತೇನೆ. ನೀನು ದೂರ ಹೋಗಿ ನಿಲ್ಲು.”

ಹೊನ್ನಯ್ಯ ಹೊಳೆಯ ಅಂಚಿಗೆ ಹೋಗಿ ನಿಂತ. ಗುರುಗಳು ಹಗ್ಗ ಜಗ್ಗಿದರು.

ಅವನು ಬಾಯಿ ತೆರೆದ. ಮೇಲಿನ ತೋಳಿನಲ್ಲಿ ಎರಡು ಗೇಣು ಮರ ಬಾಗದೆ ಸೆಟೆದು ನಿಂತಿತ್ತು. ಅದರ ಪಾಲಿನ ಕೆಲಸವನ್ನೂ ಸೇರಿಸಿ ಕೆಳಗಿನ ತೋಳು ಒದ್ದಾಡುತ್ತಿತ್ತು.

“ಕಾಣಿಸ್ತು! ಗುರುಗಳೇ, ಕಾಣಿಸ್ತು! ಇಷ್ಟು ದಿನ ಎಲ್ಲಿತ್ತು ಇದು?”

“ನಿನ್ನ ಮೂಗಿನ ಮುಂದೆ,” ಅಂದರು ಗುರುಗಳು.

ಅವರು ಎಳೆದರು, ಅವನು ನೋಡಿದ, ಹೆದೆ ಇಳಿಸಿ ಸೆಟೆದ ಕಡೆ ಒಂದಿಷ್ಟು ಕೆತ್ತಿದ. ಮತ್ತೆ ಎಳೆದರು. ಅರ್ಧ ಎಳೆದಾಗ ಎರಡು ತೋಳೂ ಜೊತೆಯಾಗಿ ಬಾಗುವ ಹಾಗಾಯಿತು. ಪೂರ್ತಿ ಎಳೆತ ನಾಳೆ ನೋಡೋಣ ಅಂದರು ಗುರುಗಳು.

ಆದರೆ ನಾಳೆಗೆ ಮೊದಲೇ ಮಾವ ಬಂದ.

ಕೆಂಚಯ್ಯ ಹೆಗಲ ಮೇಲೆ ಟವೆಲ್ಲು, ಮುಂದಿನ ಹಲ್ಲಿನ ಜಾಗದಲ್ಲಿ ಕಿಂಡಿ, ಎದೆ ಮುಂದೆ ಮಾಡಿಕೊಂಡು ಬಂದು ಗುರುಗಳಿಗೆ ಕೈಮುಗಿದ. ಹೊನ್ನಯ್ಯನ ಕಡೆ ತಿರುಗಿದ.

“ದೀಪಾವಳಿಗೆ ಇನ್ನೂ ದಿನ ಅದೆ. ಆದ್ರೆ ಮಾದೇವಿ ಮನೇಲಿ ಇರಕ್ಕೇ ಬಿಡ್ತಿಲ್ಲ, ಓಗು ಓಗು ಅಂತಾಳೆ. ಬಿಲ್ಲು ಆಯ್ತೇನೋ?”

ಮಾವನ ಮುಂದೆ ಇಲ್ಲ ಅನ್ನುವುದಕ್ಕೆ ಹೊನ್ನಯ್ಯನ ನಾಲಿಗೆ ಹೊರಳಲಿಲ್ಲ. “ಆಯ್ತು ಮಾವ,” ಅಂದುಬಿಟ್ಟ.

ಗುರುಗಳು ಅವನನ್ನೊಮ್ಮೆ ನೋಡಿದರು. ಆಮೇಲೆ ಹೊಳೆ ನೋಡುತ್ತ ಎಲೆಗೆ ಸುಣ್ಣ ಹಚ್ಚಿದರು.

ಕೆಂಚಯ್ಯ ಬಿಲ್ಲು ಹಿಡಿದ. ಹೊನ್ನಯ್ಯ ಅಭ್ಯಾಸಬಲದಿಂದ ದೂರ ಹೋಗಿ ನಿಂತ. ಮಾವ ಕಾಲು ಅಗಲಿಸಿ ಹೆದೆ ಎಳೆದ. ಅರ್ಧ ಬಂತು. ಎರಡೂ ತೋಳು ಚೆಂದವಾಗಿ ಬಾಗಿದವು.

“ಪರವಾಗಿಲ್ಲ ಕಣ್ಲಾ!” ಅಂದ ಮಾವ. ಇನ್ನಷ್ಟು ಎಳೆದ.

ಆಗ ಹೊನ್ನಯ್ಯನಿಗೆ ಕಾಣಿಸಿತು. ಕೆಳಗಿನ ತೋಳಿನಲ್ಲಿ ಒಂದು ಗಂಟಿನ ಹತ್ತಿರ ಮರ ಬಾಗುತ್ತಿರಲಿಲ್ಲ, ಮುರಿಯುವ ಹಾಗೆ ಒಂದೇ ಕಡೆ ಮಡಚಿಕೊಳ್ಳುತ್ತಿತ್ತು.

ಮಾವನಿಗೆ ಅದು ಕಾಣುವಂತಿರಲಿಲ್ಲ. ಗುರುಗಳು ಹೊಳೆ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಬಿಲ್ಲು ಇವತ್ತೊಂದು ದಿನ ತಡೆದರೂ ತಡೆದೀತು, ಮದುವೆ ನಿಶ್ಚಯವಾದೀತು. ಬಾಯಿ ತೆರೆದರೆ ಮಾದೇವಿ ಕೈತಪ್ಪಿದಳು.

ಮಾವನ ಬಾಯಿಯ ಕಿಂಡಿ ಹೊನ್ನಯ್ಯನಿಗೆ ಕಂಡಿತು.

“ಮಾವ! ಹೆದೆ ಇಳಿಸು!”

ಭಯಕ್ಕೋ ಏನೋ, ‘ಹ’ ತಾನಾಗಿಯೇ ಸ್ಪಷ್ಟವಾಗಿ ಬಂತು. ಆದರೆ ಕೆಂಚಯ್ಯನೂ ಅದೇ ಊರಿನವನು. ಅವನ ಕಿವಿಗೆ ಅದು ಬೀಳಲೇ ಇಲ್ಲ.

“ಏನಂದೆ? ನನ್ಗೇ ಎದೆ ಇಳಿಸು ಅಂತೀಯೇನೋ!” ಅಂದ ಮಾವ, ಸಿಟ್ಟಿಗೆ ಎದೆಯನ್ನು ಇನ್ನೂ ಉಬ್ಬಿಸಿ, ಬಿಲ್ಲನ್ನು ಇನ್ನೂ ಎಳೆದ.

ಮರ ಕಿರ್ ಅಂದಿತು.

ಹೊನ್ನಯ್ಯ ಓಡಿಬಂದು ಮಾವನ ಎರಡು ಕೈಯನ್ನೂ ಹಿಡಿದು, ಮೆಲ್ಲಗೆ ಹೆದೆಯನ್ನು ಸಡಿಲಿಸಿದ.

“ಬಿಲ್ಲಿನ ದಾರ ಮಾವ, ದಾರ ಇಳಿಸು ಅಂದೆ. ಇದು ಇನ್ನೂ ಆಗಿಲ್ಲ. ಆಯ್ತು ಅಂತ ಸುಳ್ಳು ಏಳಿದೆ. ಇನ್ನೊಂಚೂರು ಎಳೆದಿದ್ರೆ ಮುರೀತಿತ್ತು.”

ಕೆಂಚಯ್ಯ ಬಿಲ್ಲನ್ನು ನೋಡಿದ. ನಾಲಿಗೆಯಿಂದ ಕಿಂಡಿಯನ್ನು ಸವರಿಕೊಂಡ.

“ಓದ್ಸಲ ಮುರಿಯೋ ಮುಂಚೆ ನಿಂಗೆ ಗೊತ್ತಾಗಿತ್ತಾ?”

“ಚಟ್ ಅಂದಿದ್ದು ಕೇಳಿಸಿತ್ತು.”

“ಮತ್ಯಾಕೆ ಬಾಯಿ ಬಿಡಲಿಲ್ಲ?”

“ಮಾದೇವಿ ನೋಡ್ತಾ ಇದ್ಲು ಮಾವ.”

ಕೆಂಚಯ್ಯ ಅವನನ್ನು ದುರುಗುಟ್ಟಿ ನೋಡಿದ. ಆಮೇಲೆ ನಗಲು ಶುರುಮಾಡಿದ. ಕಿಂಡಿಯಿಂದ ಗಾಳಿ ಬರುವಷ್ಟು ನಕ್ಕ.

“ಬಿಲ್ಲು ನಿಧಾನಕ್ಕೆ ಮಾಡ್ಕೊಳಯ್ಯ. ಮಿಕ್ಕ ಅಲ್ಲು ಉಳೀತಲ್ಲ, ಅಷ್ಟು ಸಾಕು ನಂಗೆ. ಮದುವೆ ಮಾಡಾನ. ಅವಳೂ ಅದನ್ನೇ ಏಳಿ ಕಳಿಸವ್ಳೆ, ಬಿಲ್ಲು ಆಗದಿದ್ರೆ ಒಂದು ಮುದ್ದೆ ಕೋಲಾದ್ರೂ ಕೆತ್ಕೊಂಡು ಬರಲಿ ಅಂತ.”

ಹೊನ್ನಯ್ಯ ಗುಡಿಸಲೊಳಗೆ ನುಗ್ಗಿದ. ಹೊರೆ ಹೊತ್ತು ಹೊರಗೆ ಬಂದ. ಕೆಂಚಯ್ಯ ಕಣ್ಣು ಬಿಟ್ಟುಕೊಂಡು ನೋಡಿದ.

“ಒಂದು ಅಂದ್ಳು ಕಣೋ!”

ಹೊರಡುವ ಹೊತ್ತಾಯಿತು. ಮಾವ ಹೊರೆ ಹೊತ್ತು ಗೊಣಗುತ್ತ ಮುಂದೆ ನಡೆದ. ಹೊನ್ನಯ್ಯ ಗುರುಗಳ ಕಾಲಿಗೆ ಬಿದ್ದ. ಅವನ ಕಣ್ಣು ತುಂಬಿತ್ತು. ಏಳುವಾಗ ಒಂದು ಅನುಮಾನ ಬಂತು.

“ಗುರುಗಳೇ, ಒಂದು ಮಾತು ಹೇಳಿ.”

ಈ ಸಲ ಗುರುಗಳು ಎದ್ದು ನಿಲ್ಲಲಿಲ್ಲ. “ಕೇಳು.”

“ಮನೆ ಅಂದ್ಮೇಲೆ ಜಗಳ ಬಂದೇ ಬರುತ್ತೆ. ಮಾದೇವಿ ಸುಲಭಕ್ಕೆ ಬಾಗೋಳಲ್ಲ. ನಾನೂ ಅಷ್ಟೇ. ಆಗ ಯಾವ ಕಡೆಯಿಂದ ಕೆತ್ತಲಿ?”

ಗುರುಗಳು ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡರು.

“ಮೊದಲು ಎದೆ ಇಳಿಸು.”

ಹೊನ್ನಯ್ಯನ ಮುಖ ಅರಳಿತು. ಗುರುಗಳ ನಾಲಿಗೆಯೂ ತಪ್ಪುತ್ತದೆ! ಅವನು ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗಿಸಿ, ವಿನಯದಿಂದಲೇ ತಿದ್ದಿದ.

“ಹೆದೆ, ಗುರುಗಳೇ. ಹ. ಹೆದೆ.”

“ಬಿಲ್ಲಿಗಾದರೆ ಹೆದೆ,” ಅಂದರು ಗುರುಗಳು.